ಎರಡು ಹತ್ತರ ಕೆಲಸ

ರಾತ್ರಿ ಎರಡು ಹತ್ತಕ್ಕೆ, ಯಾರೂ ಏಳಿಸದೆ,
ಸದಾಶಿವಗಡದ ಲೆಕ್ಕ ತಾನೇ ಏಳಬೇಕು:
ಯಾವ ದೋಣಿ, ಎಷ್ಟು ಬುಟ್ಟಿ ಬಂಗುಡೆ, ಎಷ್ಟು ತಾರಲೆ,
ಎಲ್ಲ ಗಂಟು ಕಟ್ಟಿಕೊಂಡು ಕಾಳಿಯ ಮೇಲಿಂದ ಹಾರಿ
ಕೋಡಿಬಾಗದ ಮಾಳಿಗೆಯ ಡಿಶ್ಶಿಗೆ ಇಳಿಯಬೇಕು.
ಆರಕ್ಕೆ ಸಂಘದ ಕಿಟಕಿ ತೆಗೆದಾಗ
ಡೀಸೆಲ್ ಚೀಟಿ ತಯಾರಿರಬೇಕು.
ಇಷ್ಟೇ ಅದರ ಜನ್ಮ.

ತಿಂಗಳಲ್ಲಿ ಇಪ್ಪತ್ತಾರು ರಾತ್ರಿ ದಾಟುತ್ತದೆ.
ಉಳಿದ ನಾಲ್ಕು ರಾತ್ರಿ
‘ಸಂಪರ್ಕ ಕಡಿದಿದೆ’ ಎಂಬ ಒಂದು ಸಾಲು ಬಿಟ್ಟು
ನಡುನೀರಿನಲ್ಲಿ ಎಲ್ಲೋ.
ಬೆಳಿಗ್ಗೆ ಬಂದು ಕೈಯಿಂದ ತಳ್ಳಿದರೆ
ಒಂದೇ ಉಸಿರಿಗೆ ಓಡುತ್ತದೆ,
ಡಾಕ್ಟರ ಬಾಗಿಲಲ್ಲಿ ಹಲ್ಲುನೋವು ಮಾಯವಾದಂತೆ.
ಕೆಟ್ಟೇ ಇರುವುದನ್ನು ಬಿಚ್ಚಿ ನೋಡಬಹುದು.
ಬಿಚ್ಚಿದಾಗಲೆಲ್ಲ ಸರಿಯಿರುವುದನ್ನು?

ಕೇಬಲ್ ಬದಲಿಸಿದೆ. ಸ್ವಿಚ್ ಬದಲಿಸಿದೆ.
ಕಾವಲಿನ ಗಜಾನನ ಪೆಡ್ನೇಕರ
ಮೊಬೈಲ್ ಚಾರ್ಜಿಗೆಂದು ಪ್ಲಗ್ ಕೀಳುತ್ತಾನೆಂದು ಗುಮಾನಿಪಟ್ಟು
ಒಂದು ರಾತ್ರಿ ಅವನ ಪಕ್ಕದಲ್ಲೇ ಕೂತೆ.
ಅವತ್ತು ಕಾರ್ತಿಕದ ಅಕಾಲ ಮಳೆ, ತಗಡು ಕಿತ್ತು ಹಾರುವಷ್ಟು ಗಾಳಿ.
ಲೆಕ್ಕ ತಣ್ಣಗೆ ದಾಟಿತು.
ಇನ್ನೊಂದು ರಾತ್ರಿ ಎಲೆ ಅಲುಗಲಿಲ್ಲ,
ಹೊಳೆಯಲ್ಲಿ ನಕ್ಷತ್ರ ಎಣಿಸಬಹುದಿತ್ತು.
ಬಿತ್ತು.
ಗಜಾನನನಿಗೆ ನಾನು ಇನ್ನೂ ಒಂದು ಚಹಾ ಬಾಕಿ.

‘ಹೊತ್ತು ಬದಲಿಸಿ ನೋಡು ಮಾರಾಯ’ ಎಂದರು ಕಾರ್ಯದರ್ಶಿ.
ಎರಡು ಹತ್ತನ್ನು ನಾಲ್ಕು ಮಾಡಿದೆ.
ಆಗಲೂ ಬಿತ್ತು, ಆದರೆ ಎರಡು ದಿನ ತಡವಾಗಿ,
ತಪ್ಪು ಕೂಡ ಹೊಸ ವೇಳಾಪಟ್ಟಿ ಓದಿಕೊಂಡ ಹಾಗೆ.

ತಿಸ್ರೆ ಮಾರುವ ಸೆವಂತಾ ತಾಂಡೇಲ
ಆ ಬೆಳಿಗ್ಗೆ ಗಂಡನ ಬದಲು ಚೀಟಿಯ ಸಾಲಿನಲ್ಲಿದ್ದಳು.
ಕಿಟಕಿಯೊಳಗೆ ಕತ್ತು ಹಾಕಿ
ನನ್ನ ಕ್ಯಾಲೆಂಡರಿನ ಕೆಂಪು ಸುತ್ತುಗಳನ್ನು ಕಂಡಳು.
ತಾರೀಖು ಬಿಟ್ಟು ಕೆಳಗಿನ ಸಣ್ಣ ಅಕ್ಷರ ಓದಿದಳು:
‘ಚೌತಿ. ಪಂಚಮಿ. ಮತ್ತೆ ಪಂಚಮಿ.
ಇಲ್ಲೆಂತಕ್ಕೆ ಸಪ್ತಮಿ?’
‘ಹೊತ್ತು ಬದಲಿಸಿದೆ, ನಾಲ್ಕಕ್ಕೆ.’
‘ಹೌದಲ್ಲ, ಸಪ್ತಮಿಗೆ ಭರತಿ ನಾಲ್ಕಕ್ಕೇ.
ನೀರು ತುಂಬ್ಕಂಡು ನಿಂತಿರ್ತದೆ,
ಅತ್ಲಾಗೂ ಹೋಗೂದಿಲ್ಲ ಇತ್ಲಾಗೂ ಇಲ್ಲ.
ಆಗ ನಾವು ಚಿಪ್ಪಿಗೆ ಇಳಿಯೂದಿಲ್ಲ.
ನಿಂಗೆ ಯಾರೂ ಹೇಳ್ಲಿಲ್ವ?’

ಯಾರೂ ಹೇಳಿರಲಿಲ್ಲ.
ಹಾಳೆಯ ಮೇಲೆ ಡಿಶ್ಶಿನಿಂದ ಡಿಶ್ಶಿಗೆ ಗೆರೆ ಎಳೆದೆ.
ನೇರ ಬರುವ ಅಲೆ ಒಂದು,
ನೀರಿಗೆ ಬಡಿದು ಬರುವ ಅದರದೇ ನೆರಳು ಇನ್ನೊಂದು.
ಕಾಳಿ ಒಂದು ಎತ್ತರಕ್ಕೆ ಏರಿ ಕನ್ನಡಿಯಾಗಿ ನಿಂತಾಗ
ಎರಡೂ ಒಟ್ಟಿಗೆ ಬಂದು
ಒಂದನ್ನೊಂದು ಅಳಿಸಿ ಹಾಕುತ್ತವೆ.
ಗಾಳಿ ಬೀಸಿದರೆ ಕನ್ನಡಿ ಒಡೆದು ಲೆಕ್ಕ ಬದುಕುತ್ತದೆ.

ನಾನು ಅದಕ್ಕೆ ಕಲಿಸಿದ್ದ ತಾಳ್ಮೆ ಇಷ್ಟು:
ಸೋತರೆ ಐದು ಸೆಕೆಂಡು ತಡೆ, ಮತ್ತೆ ಕೂಗು, ಮೂರು ಸಲ.
ಹದಿನೈದು ಸೆಕೆಂಡಿನಲ್ಲಿ ಯಾವ ಹೊಳೆ ಇಳಿದೀತು?
ಮತ್ತೆ ಎರಡು ಹತ್ತಕ್ಕೇ ತಂದೆ;
ತಡೆಯುವ ಹೊತ್ತನ್ನು ಮುಕ್ಕಾಲು ಗಂಟೆ ಎಂದು ಬರೆದೆ.
ಮಾಳಿಗೆ ಹತ್ತಿ, ಡಿಶ್ಶನ್ನು ಒಂದು ಮೊಳ
ಕೆಳಗೆ ಇಳಿಸಿದೆ.
ಹನ್ನೊಂದು ವರ್ಷದ ಕಸುಬಿನಲ್ಲಿ
ಎಲ್ಲವನ್ನೂ ಮೇಲಕ್ಕೇ ಏರಿಸಿದವ ನಾನು;
ಸ್ಪ್ಯಾನರ್ ಕೂಡ ಅನುಮಾನಿಸಿತು.

ನೋಟ್‌ಬುಕ್ಕಿನಲ್ಲಿ ಈಗ ತಾರೀಖಿನ ಪಕ್ಕ ತಿಥಿಗೂ ಒಂದು ಕಾಲಂ.
ಮೂರು ತಿಂಗಳಿಂದ ಖಾಲಿ,
ಮೊನ್ನೆಯ ಒಂದು ದಶಮಿ ಬಿಟ್ಟರೆ.
ದಶಮಿಗೆ ಆ ಹೊತ್ತಿನಲ್ಲಿ ಇಳಿತ. ಅಳಿಸುವಷ್ಟು ನೀರೇ ಇಲ್ಲ.
ಗಜಾನನ ದೂರದಿಂದಲೇ ಎರಡೂ ಕೈ ಎತ್ತುತ್ತಾನೆ: ನಾನಲ್ಲ.
ಸೆವಂತಾ ಹೊಳೆಯಲ್ಲಿದ್ದಾಳೆ, ಮೊಣಕಾಲುದ್ದ ಕೆಸರಿನಲ್ಲಿ,
ಕಾಲ್ಬೆರಳಿನಿಂದ ಚಿಪ್ಪಿ ಹುಡುಕುತ್ತ.
ಬರಲಿ, ಕೇಳಬೇಕು.